ಸೊನೆ ಹತ್ತಿದ ಹಾಳೆಗಳು

ಆ ಹುಡುಗಿಯ ಕೆಲಸ ಹೋಗಿದ್ದು ಕಸ ತೆಗೆದಿದ್ದಕ್ಕೆ. ಅಷ್ಟೇ. ಮಿಕ್ಕಿದ್ದೆಲ್ಲ ಜನ ಆಡ್ಕೊಂಡಿದ್ದು.

ಮೊನ್ನೆ ಯಲ್ದೂರಿನ ತವರಿಂದ ಮಾವಿನಕಾಯಿ ಬಂತು. ಹಣ್ಣಾಗೋಕೆ ಅಡೆ ಹಾಕೋಣ ಅಂತ ಸಜ್ಜಾ ಮೇಲಿನ ಹಳೇ ಪೇಪರ್ ಇಳಿಸಿದೆ. ಅದರಲ್ಲಿ ಅವಳ ಆ ಹಾಳೆಗಳೂ ಇದ್ದವು. ಸೊನೆ ವಾಸನೆ ಇನ್ನೂ ಹೋಗಿಲ್ಲ...

ಆ ಹುಡುಗಿ ಮಾಲೂರಿನ ನಮ್ಮ ಮನೆ ಮಹಡೀಲಿ ಬಾಡಿಗೆಗಿದ್ದಳು. ಬೈರಕೂರು ಕಡೆಯವಳು, ಸಿಟ್ಟು ಬಂದರೆ ಬರೀ ತೆಲುಗು. ಒಂದು ಫ್ಯಾಕ್ಟರಿಯ ಕಂಪ್ಯೂಟರ್ ರೂಮಲ್ಲಿ ಕೆಲಸ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಕುಟ್ಟೋದು. ತಾನು ಕುಟ್ಟಿದ್ದು, ಅದು ಕೊಟ್ಟ ಉತ್ತರ, ಎಲ್ಲ ಒಂದು ಫೈಲಿಗೆ ಬೀಳೋ ಹಾಗೆ ಮಾಡ್ಕೊಂಡಿದ್ದಳು.

ಒಂದು ದಿನ ಅಲ್ಲಿ ಸ್ಟಾಕಿನ ಲೆಕ್ಕ ಪೂರ್ತಿ ಅಳಿಸಿಹೋಯ್ತು. ಇವಳೇ ಅಳಿಸಿದ್ದು ಅಂದರು. ಅವಳು ಅಳಲಿಲ್ಲ. ತಾನು ಏನೇನು ಕುಟ್ಟಿದೆ ಅನ್ನೋದು ಆ ಫೈಲಲ್ಲಿದೆಯಲ್ಲ ಅಂತ ಧೈರ್ಯ. ಪ್ರಿಂಟ್ ಹಾಕಿಸಿ ತಂದಳು. ನೋಡಿದರೆ ಮಾತಿಗಿಂತ ಕಸವೇ ಜಾಸ್ತಿ.

"ಏನೇ ಇದು, ಕೋಳಿ ಕೆದರಿದ ಹಾಗೆ?"

"ಬಣ್ಣ ಬದಲಾಯಿಸು, ಹಿಂದಕ್ಕೆ ಹೋಗು ಅಂತ ಪರದೆಗೆ ಹೇಳೋ ಗುರುತು ಅಜ್ಜಿ. ಪರದೆ ಮೇಲೆ ಕಾಣಲ್ಲ, ಫೈಲಲ್ಲಿ ಉಳ್ಕೊಳ್ತವೆ. ತಪ್ಪು ಒತ್ತಿ ಅಳಿಸಿದ್ದೂ ಉಳಿಯುತ್ತೆ."

"ನಿಮ್ಮ ಮ್ಯಾನೇಜರ್ ಇದನ್ನ ಓದಿದಂಗೇ ಇದೆ ಬಿಡು."

"ಅದಕ್ಕೇ ಕಸ ತೆಗೀತೀನಿ. ಈ ಹಾಳೆ ನಿಮ್ಮ ಮಾವಿನಕಾಯಿಗೆ ಹಾಸ್ಕೊಳ್ಳಿ."

ಭಾನುವಾರ ಪೂರ್ತಿ ಕಂಪ್ಯೂಟರ್ ಮುಂದೆ ಕೂತಳು. ರಾಗೀಲಿ ಕಲ್ಲು ಆರಿಸೋ ಹಾಗೆ ಒಂದೊಂದೇ ಗುರುತು ತೆಗೆದಳು. ತೆಗೆದು, ಅದೇ ಫೈಲಿನ ಮೇಲೇ ಸೇವ್ ಮಾಡಿದಳು. ಬೇರೆ ಹೆಸರಲ್ಲಿ ಇಟ್ಟು, ಮೊದಲಿಂದನ್ನ ಮುಟ್ಟಬಾರದಿತ್ತಂತೆ...

ಸೋಮವಾರ ಮ್ಯಾನೇಜರ್ ಅಂದನಂತೆ, "ಇದು ನೀನು ಕೂತು ತಿದ್ದಿರೋದು. ಮೊದಲಿಂದು ತೋರಿಸಮ್ಮ."

ಮೊದಲಿಂದು ಇರಲಿಲ್ಲ. ಸಂಜೆ ಬಂದು ಬಟ್ಟೆ ತುಂಬಿಕೊಂಡಳು. ಮುದ್ದೆ ಇದೆ, ಉಂಡು ಹೋಗು ಅಂದೆ. "ಬೇಡ ಅಜ್ಜಿ" ಅಂದಳು. ಆಟೋ ಹತ್ತಿದಳು. ಕಸ ತೆಗೆಯೋ ಮುಂಚಿನ ಆ ಪ್ರಿಂಟು ಇಬ್ಬರಿಗೂ ನೆನಪಾಗಲಿಲ್ಲ.

ಮತ್ತೆ ಬರಲಿಲ್ಲ. ಈಗ ಅವಳ ಫೋನ್ ನಂಬರ್ ಇನ್ಯಾರದೋ. ಹಾಳೆ ತೋರಿಸಿದ್ದರೆ ನಂಬ್ತಿದ್ದರೋ ಇಲ್ಲವೋ, ನನಗೇನು ಗೊತ್ತು. ಮೊನ್ನೆ ಅದನ್ನ ಮಾತ್ರ ಹಾಸಲಿಲ್ಲ, ವಾಪಸ್ ಸಜ್ಜಾ ಮೇಲಿಟ್ಟೆ.

ಅವಳು ಹೋದ ಮಾರನೇ ಬೆಳಗ್ಗೆ ಕಾಯಿ ತಿರುವಿ ಹಾಕೋಕೆ ಹೋದಾಗ ಅಡಿಯಲ್ಲಿ ಆ ಪ್ರಿಂಟು ಕಂಡಿತ್ತು, ನೆಂದು ಅಂಟಿಕೊಂಡು. ಫೋನ್ ಮಾಡಿದೆ. ಸ್ವಿಚ್ ಆಫ್. ಕಾಯಿ ಎತ್ತಿ ಗೋಣಿ ಮೇಲೆ ಸುರಿದೆ. ಹಾಳೆ ಬಿಡಿಸಿ ಮಹಡಿ ಮೇಲೆ ಬಿಸಿಲಿಗೆ ಹರಡಿದೆ. ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೂ ಒಂದೊಂದು ಕಾಯಿ ಇಟ್ಟೆ.