ಹೊಟ್ಟಿನಲ್ಲಿ ಹೂತ ಕಂಪ್ಯೂಟರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಜ್ಜಂಪುರದ ಆ ಕಂಪ್ಯೂಟರ್ ಹಾಳಾಗಿದ್ದು ನನ್ನ ಬಾಯಿಂದ, ನನ್ನ ಕೈಯಿಂದ. ಲಾರಿ ಡ್ರೈವರ್ ಎತ್ತಿ ಹಾಕಿರಬೇಕು ಎಂದು ಎರಡು ದಿನ ಎಲ್ಲರಿಗೂ ಹೇಳಿಕೊಂಡು ತಿರುಗಿದವನೂ ನಾನೇ. ಆ ಡ್ರೈವರ್ ಮುಖವನ್ನು ನಾನು ನೋಡಿಯೂ ಇರಲಿಲ್ಲ.

ಅದು 1987. ಕಡೂರಿನ ಬಸಣ್ಣನವರ ಟೈಪ್‌ರೈಟರ್ ರಿಪೇರಿ ಅಂಗಡಿಗೆ ‘ಕಂಪ್ಯೂಟರ್ ಸರ್ವಿಸ್’ ಎಂಬ ಹೊಸ ಬೋರ್ಡು ಬಂದಿತ್ತು. ನಾನು ಅಲ್ಲಿಯ ಸರ್ವಿಸ್ ಇಂಜಿನಿಯರ್. ಬೆಂಗಳೂರಿನಲ್ಲಿ ಮೂರು ತಿಂಗಳ ಕೋರ್ಸು ಮುಗಿಸಿ ಬಂದ ಹಿರೇನಲ್ಲೂರಿನವನಿಗೆ ಆ ಪದವಿ ಕೊಟ್ಟವನು ಬೋರ್ಡು ಬರೆದ ಪೇಂಟರ್. ನನಗೆ ನಿಜವಾಗಿ ಬರುತ್ತಿದ್ದುದು ಬೇರೆಯವರ ದನಿ. ಯಾರಾದರೂ ಐದು ನಿಮಿಷ ಮಾತಾಡಿದರೆ ಸಾಕು, ಆರನೆಯ ನಿಮಿಷಕ್ಕೆ ನಾನು ಅವರಾಗಿರುತ್ತಿದ್ದೆ. ಮೇಷ್ಟ್ರು, ಕಂಡಕ್ಟರು, ಪೋಸ್ಟ್‌ಮಾಸ್ಟರು, ಯಾರನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋಗಿ ‘ಕಾಫಿ’ ಎನ್ನಲಾರದೆ ತೊದಲಿದ ನನ್ನನ್ನೂ ನಾನೇ ಆಡಿ ತೋರಿಸುತ್ತಿದ್ದೆ.

ಅಜ್ಜಂಪುರದಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆಯಿತ್ತು. ಯಾರೋ ದಾನಿಗಳು ಅದಕ್ಕೊಂದು ಕಂಪ್ಯೂಟರ್ ಕೊಡಿಸಿದ್ದರು. ಕಣ್ಣಿನ ಶಿಬಿರಕ್ಕೆ ಬಂದವರ ಹೆಸರು, ವಯಸ್ಸು, ಊರು, ಯಾವ ಕಣ್ಣಿನ ಪೊರೆ ತೆಗೆದಿದ್ದಾಗಿದೆ, ಯಾವುದು ಬಾಕಿ ಎಂಬುದನ್ನೆಲ್ಲ ರೆಕಾರ್ಡು ನೋಡಿಕೊಳ್ಳುವ ಜಯಮ್ಮನವರು ಅದಕ್ಕೆ ತುಂಬಿದ್ದರು. ಆರು ನೂರಕ್ಕೂ ಹೆಚ್ಚು ಜನ, ಎಂಟು ತಿಂಗಳ ಕೆಲಸ. ಇನ್ನೊಂದು ಕಣ್ಣು ಬಾಕಿಯಿದ್ದವರಿಗೆ ಮುಂದಿನ ಶಿಬಿರಕ್ಕೆ ಕಾರ್ಡು ಹೋಗಬೇಕಿತ್ತು. ಶಿಬಿರಕ್ಕೆ ಇಪ್ಪತ್ತು ದಿನವಿದೆ ಎನ್ನುವಾಗ ಫ್ಲಾಪಿ ಡ್ರೈವ್ ಕೆಟ್ಟಿತು. ಫ್ಲಾಪಿ ಎಂದರೆ ಮಾಹಿತಿಯನ್ನು ನಕಲು ಮಾಡಿ ಹೊರಗೊಯ್ಯುವ ತೆಳು ತಟ್ಟೆ. ಅದಿಲ್ಲದೆ ಪಟ್ಟಿಯನ್ನು ಈಚೆ ತೆಗೆಯುವ ದಾರಿಯಿರಲಿಲ್ಲ. ಆಸ್ಪತ್ರೆಯಲ್ಲಿ ಪ್ರಿಂಟರೂ ಇರಲಿಲ್ಲ. ಇಡೀ ಯಂತ್ರವನ್ನೇ ಬೆಂಗಳೂರಿಗೆ ಕಳಿಸಿ, ಅಲ್ಲೇ ರಿಪೇರಿ ಮಾಡಿಸಿ, ಅಲ್ಲೇ ಪಟ್ಟಿ ಅಚ್ಚು ಹಾಕಿಸುವುದು ಎಂದಾಯಿತು. ಪ್ಯಾಕ್ ಮಾಡಿ ತರೀಕೆರೆಯಲ್ಲಿ ಲಾರಿಗೆ ಹಾಕುವ ಕೆಲಸ ನನ್ನದು.

ಹೊರಡುವಾಗ ಬಸಣ್ಣನವರು ಮೂರು ಮಾತು ಹೇಳಿದರು.

“ಲೋ ಲೋಕೇಶ, ಆಫ್ ಮಾಡೋಕ್ ಮುಂಚೆ ಪಾರ್ಕ್ ಅಂತ ಟೈಪ್ ಮಾಡು, ಮರೀಬೇಡ. ಫ್ಲಾಪಿ ಬಾಯಿಗೆ ರಟ್ಟು ಕೊಡು. ಸುತ್ತ ಬಿಗಿಯಾಗಿ ಮೆತ್ತೆ ಕೊಡು, ಅಲ್ಲಾಡಬಾರ್ದು ಕಣೋ.”

ಪಾರ್ಕ್ ಎಂದರೆ ಇಷ್ಟೆ. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಯ ಮೇಲೆ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ, ಓದುವ ಮುಳ್ಳೊಂದು ತೇಲುತ್ತಿರುತ್ತದೆ. ಆ ಅಪ್ಪಣೆ ಕೊಟ್ಟರೆ ಅದು ಬರಹವಿಲ್ಲದ ಅಂಚಿಗೆ ಸರಿದು ಕೂರುತ್ತದೆ. ಕೊಡದೆ ಸಾಗಿಸಿದರೆ ಪ್ರತಿ ಕುಲುಕಿಗೂ ಬರಹದ ಮೇಲೇ ಕುಟ್ಟುತ್ತದೆ.

ಮೆತ್ತೆಗೆ ಥರ್ಮೊಕೋಲ್ ಬೇಕು. ಯಂತ್ರದ ಜೊತೆ ಬಂದಿದ್ದ ಥರ್ಮೊಕೋಲ್ ಅಚ್ಚುಗಳನ್ನು ಆಸ್ಪತ್ರೆಯವರು ಆ ವರ್ಷದ ಗಣಪತಿಗೆ ಮಂಟಪ ಕೊರೆದು, ಬಣ್ಣ ಬಳಿದು, ಗಣಪತಿಯ ಜೊತೆಗೇ ಕೆರೆಗೆ ಬಿಟ್ಟಿದ್ದರು. ಅದು ನನಗೆ ಮೊದಲೇ ಗೊತ್ತಿತ್ತು. ಮೊಟ್ಟೆ ವ್ಯಾಪಾರದವರು ಪೆಟ್ಟಿಗೆ ತುಂಬ ಭತ್ತದ ಹೊಟ್ಟು ಸುರಿದು ಅದರಲ್ಲಿ ಮೊಟ್ಟೆ ಹೂತು ಕಳಿಸುವುದನ್ನು ಸಂತೆಯಲ್ಲಿ ಎಷ್ಟೋ ಸಲ ನೋಡಿದ್ದೆ. ಮೊಟ್ಟೆಯೇ ಒಡೆಯುವುದಿಲ್ಲವಂತೆ, ಕಬ್ಬಿಣದ ಡಬ್ಬಿಗೇನಾದೀತು? ತರೀಕೆರೆಯ ಅಕ್ಕಿ ಗಿರಣಿಯಲ್ಲಿ ಎರಡು ಚೀಲ ಹೊಟ್ಟು ತುಂಬಿಸಿಕೊಂಡು ಬಸ್ಸಿನ ಟಾಪಿಗೆ ಹಾಕಿಸಿದೆ. ನನ್ನ ತಲೆಯೊಳಗೂ ಅದೇ ಸರಕಿತ್ತೆಂದು ಈಗ ಅನಿಸುತ್ತದೆ.

ಆಸ್ಪತ್ರೆಯ ಕೋಣೆಯಲ್ಲಿ ನರ್ಸುಗಳು, ಅಡಿಗೆಯವರು, ಔಷಧಿ ಕೊಡುವವರೆಲ್ಲ ಸೇರಿದ್ದರು. ಅಷ್ಟು ಜನ ಕಂಡರೆ ನನಗೆ ಮೈಮೇಲೆ ಬರುತ್ತದೆ. ಹೊಟ್ಟೆ ಮುಂದೆ ಮಾಡಿ, ಕನ್ನಡಕ ಮೂಗಿನ ತುದಿಗಿಳಿಸಿ, ಬಸಣ್ಣನವರಾದೆ. “ಲೋ ಲೋಕೇಶ, ಪಾರ್ಕ್ ಅಂತ ಟೈಪ್ ಮಾಡು, ಮರೀಬೇಡ!” ಎಲ್ಲರೂ ನಕ್ಕರು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಆಡಿದೆ. ಮೂರನೆಯ ಸಲ ಬಸಣ್ಣನವರ ಗತ್ತಿನಲ್ಲೇ ಕೈ ಬೀಸಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು ಹಿಡಿದು ತೋರಿಸಿದೆ. ಚಪ್ಪಾಳೆ.

ಜಯಮ್ಮನವರು ಮಾತ್ರ ಬಾಗಿಲಲ್ಲಿ ನಿಂತಿದ್ದರು.

“ಅದೇನೋ ಟೈಪ್ ಮಾಡ್ಬೇಕು ಅಂದ್ರಲ್ಲ, ಮಾಡಿದ್ರಾ?”

ಮಾಡಿರಲಿಲ್ಲ. ಪ್ಲಗ್ ಮತ್ತೆ ಸಿಕ್ಕಿಸಿ ಆನ್ ಮಾಡಲು ಎರಡು ನಿಮಿಷ ಸಾಕಿತ್ತು. ಆದರೆ ಚಪ್ಪಾಳೆಯ ಬಿಸಿ ಇನ್ನೂ ಕೈಯಲ್ಲಿತ್ತು. ಅವರ ಮೆಲುದನಿಯನ್ನೇ ಹಿಡಿದು, ಸೆರಗು ಎಳೆದುಕೊಂಡಂತೆ ಮಾಡಿ, “ಮಾಡಿದೀನಿ ಕಣ್ರೀ ಜಯಮ್ಮ, ಹೆದ್ರಬೇಡಿ” ಎಂದೆ. ಮತ್ತೆ ನಗು. ಅವರು ಒಳಗೆ ಹೋದರು. ಆಮೇಲೆ ಪೆಟ್ಟಿಗೆಗೆ ಹೊಟ್ಟು ಸುರಿದು, ಯಂತ್ರ ಇಳಿಸಿ, ಮೇಲಷ್ಟು ಸುರಿದು ಮೊಳೆ ಹೊಡೆದೆ. ಫ್ಲಾಪಿಯ ರಟ್ಟಿನಲ್ಲಿ ಸೆಕೆಗೆ ಗಾಳಿ ಬೀಸಿಕೊಳ್ಳುತ್ತಿದ್ದವನು ಅದನ್ನು ಕಿಟಕಿಯಲ್ಲೇ ಬಿಟ್ಟೆ.

ನಾಲ್ಕನೆಯ ದಿನ ಬೆಂಗಳೂರಿನಿಂದ ಟ್ರಂಕ್ ಕಾಲ್ ಬಂತು. ಕುಲುಕಾಟಕ್ಕೆ ಹೊಟ್ಟು ಕುಗ್ಗುತ್ತಾ ಹೋಗಿ, ಭಾರವಾದ ಯಂತ್ರ ಅದರೊಳಗೆ ಇಳಿದಿಳಿದು ಪೆಟ್ಟಿಗೆಯ ಹಲಗೆಗೇ ಕುಟ್ಟಿಕೊಂಡು ಹೋಗಿತ್ತಂತೆ. ಫ್ಲಾಪಿ ಬಾಯಿಯೊಳಗೆ ಹಿಡಿ ಹೊಟ್ಟು. ಹಾರ್ಡ್ ಡಿಸ್ಕ್ ಆನ್ ಮಾಡಿದರೆ ಕರಕರ ಸದ್ದು. ಪಟ್ಟಿ ಹೋಯಿತು.

ಲಾರಿ ಡ್ರೈವರ್ ಕಥೆ ಎರಡು ದಿನ ನಡೆಯಿತು. ಮೂರನೆಯ ದಿನ ಬಸಣ್ಣನವರು ಕೇಳಿದರು: “ಪಾರ್ಕ್ ಮಾಡಿದ್ಯೇನೋ?” ಇಲ್ಲ ಎಂದು ತಲೆಯಾಡಿಸಿದೆ. ಅವರು ಬೈಯಲಿಲ್ಲ. “ಹೋಗು, ಅಜ್ಜಂಪುರಕ್ಕೆ ಹೋಗಿ ಆ ಯಮ್ಮ ಏನ್ ಹೇಳ್ತಾರೋ ಮಾಡು” ಎಂದಷ್ಟೇ ಅಂದರು. ಬೀರೂರಿನಲ್ಲಿ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿಯುವವರೆಗೆ ಯಾರ ದನಿಯನ್ನೂ ಆಡಲಿಲ್ಲ.

ಜಯಮ್ಮನವರು ಟ್ರಂಕಿನಿಂದ ಹಳೆಯ ಶಿಬಿರದ ಚೀಟಿಗಳ ಕಟ್ಟುಗಳನ್ನು ತೆಗೆದು ಹರವಿಕೊಂಡು ಕೂತಿದ್ದರು. ಪಕ್ಕದಲ್ಲಿ ಖಾಲಿ ಪೋಸ್ಟ್ ಕಾರ್ಡುಗಳು. ತಪ್ಪಾಯಿತು ಎನ್ನಲು ಬಾಯಿ ತೆರೆದೆ. “ಕೂತ್ಕೊಳ್ರಿ. ನೀವು ಓದಿ, ನಾನು ಬರೀತೀನಿ. ಇನ್ನು ಹನ್ನೊಂದು ದಿನ ಇದೆ” ಎಂದರು. ಆಗಲೇ ಗೊತ್ತಾಗಿದ್ದು: ಶಿಬಿರದ ನೂಕುನುಗ್ಗಲಲ್ಲಿ ಗೀಚಿದ ಎಷ್ಟೋ ಚೀಟಿಗಳಲ್ಲಿ ಊರೇ ಇರಲಿಲ್ಲ. ಜಯಮ್ಮನವರು ತಿಂಗಳುಗಟ್ಟಲೆ ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಬುಕ್ಕಾಂಬುಧಿಯ ಕಡೆಯಿಂದ ಬರುವವರನ್ನೆಲ್ಲ ನಿಲ್ಲಿಸಿ ಕೇಳಿ ಒಂದೊಂದೇ ಊರು ಪತ್ತೆ ಮಾಡಿ ನೇರ ಕಂಪ್ಯೂಟರಿಗೆ ತುಂಬಿದ್ದರು. ಅದು ಬೇರೆಲ್ಲೂ ಇರಲಿಲ್ಲ. ನೆನಪಿದ್ದಷ್ಟನ್ನು ಹೇಳಿ ಬರೆದರು. ನೆನಪಾಗದ ಚೀಟಿಗಳನ್ನು ಬೇರೆ ಇಟ್ಟರು. ಆ ಕಟ್ಟು ದಪ್ಪವಾಗುತ್ತಾ ಹೋಯಿತು. ಅದರಲ್ಲಿದ್ದವರಿಗೆ ಕಾರ್ಡು ಹೋಗುವುದಿಲ್ಲ, ಅವರು ಬರುವುದಿಲ್ಲ.

ಎರಡನೆಯ ಮಧ್ಯಾಹ್ನ ಒಂದು ಚೀಟಿ ಬಂತು. ಹಾಲಪ್ಪ, ವಯಸ್ಸು ಎಪ್ಪತ್ತೆರಡು, ಎಡಗಣ್ಣು ಬಾಕಿ, ಊರು ಖಾಲಿ. ಒಂದೇ ದನಿಯಲ್ಲಿ ಓದಿ ಸಾಕಾಗಿತ್ತೋ, ಹಾಳು ಅಭ್ಯಾಸವೋ, ಹಲ್ಲಿಲ್ಲದ ಮುದುಕನ ನಡುಗುವ ದನಿಯಲ್ಲಿ ಓದಿಬಿಟ್ಟೆ: “ಹಾಲಪ್ಪ ಕಣವ್ವಾ, ಎಡಗಣ್ಣು ಕಾಣಾಕಿಲ್ಲ.”

ಜಯಮ್ಮನವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಹೊಸ ಕಾರ್ಡೊಂದನ್ನು ಮುಂದೆ ಎಳೆದುಕೊಂಡು ಪೆನ್ನು ಹಿಡಿದು ನನ್ನ ಮುಖ ನೋಡಿದರು.

“ದನಿ ಅಷ್ಟು ಚೆನ್ನಾಗಿ ಬರುತ್ತಲ್ಲ, ಯಾವೂರೋರು ಅಂತಾನೂ ಅದ್ರಲ್ಲೇ ಹೇಳ್ಬಿಡ್ರಿ. ಬರ್ಕೊತೀನಿ.”