ಭದ್ರಣ್ಣನ ಗಿಟಾರಿನ ತಂತಿ

ಬಾಗಿಲು ಮಾಡುವ ಆ ಬಡಗಿಯ ನಿಜವಾದ ಹೆಸರನ್ನು ಅವನ ಹೆಂಡತಿಯೂ ಸ್ವಲ್ಪ ಯೋಚಿಸಿಯೇ ಹೇಳಬೇಕು. ಎಲ್ಲರಿಗೂ ಅವನು ಭದ್ರಣ್ಣ. ಮಾತಿಗೊಮ್ಮೆ "ಭದ್ರವಾಗಿರ್ಬೇಕು" ಎನ್ನುವುದರಿಂದ ಅಂಟಿಕೊಂಡ ಹೆಸರು. ಅವನ ಬಾಗಿಲುಗಳೂ ಹಾಗೆಯೇ. ಕಳ್ಳರ ಮಾತಿರಲಿ, ಮನೆಯವರೇ ಹೆಗಲು ಕೊಟ್ಟು ನೂಕಬೇಕು. ನಮ್ಮ ಮನೆಯದೂ ಅವನ ಕೈಯದೇ. ಹೋಗಿ ದೂರು ಹೇಳಿದರೆ ಹೊಗಳಿಕೆಯೆಂದು ಕೇಳಿಸಿಕೊಂಡ.

ಒಂದು ಸಂಜೆ ಅವನ ಮೊಮ್ಮಗಳು ಗಿಟಾರ್ ಕ್ಲಾಸಿನಿಂದ ಮುಖ ಊದಿಸಿಕೊಂಡು ಬಂದಳು. ಅಲ್ಲಿಯ ಗಿಟಾರ್ ಅವಳಿಗಿಂತ ದಪ್ಪ, ಕೈ ಎಟುಕುವುದಿಲ್ಲ. ಬೆಳೆದ ಮೇಲೆ ಬಾ ಎಂದು ಮೇಷ್ಟ್ರು ಕಳಿಸಿಬಿಟ್ಟಿದ್ದರು. ಇನ್ನು ಆ ಕಡೆ ಕಾಲಿಡುವುದಿಲ್ಲವೆಂದು ಹುಡುಗಿ ಹಟ ಹಿಡಿದಳು. ಅವಳ ಅಳತೆಗೆ ತಾನೇ ಒಂದು ಮಾಡಿಕೊಡುತ್ತೇನೆಂದು ಅಜ್ಜ ಮಾತು ಕೊಟ್ಟ. ಬಾಗಿಲು ಮಾಡಿ ಉಳಿದ ತುಂಡುಗಳಿಂದಲೇ ಒಡಲು, ಕತ್ತು ಎರಡೂ ಎದ್ದುಬಂದವು. ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಎಡವಟ್ಟಾದದ್ದು ತಂತಿ, ಅದನ್ನು ಬಿಗಿಯುವ ಬಿರಡೆ ಆರಿಸುವಾಗ. ಅಂಗಡಿಯವನು ನೈಲಾನ್ ತಂತಿಯನ್ನೂ ಪುಟ್ಟ ಬಿರಡೆಗಳನ್ನೂ ಮುಂದಿಟ್ಟು, ಮಕ್ಕಳ ಬೆರಳಿಗೆ ಇವೇ ಸರಿ ಎಂದ. ಭದ್ರಣ್ಣ ನೈಲಾನನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಮೀನು ಹಿಡೀಬೋದು, ಅಷ್ಟೆ" ಎಂದ. ಉಕ್ಕಿನ ತಂತಿಯ ಮೇಲೆ ಹೆಬ್ಬೆರಳು ಒತ್ತಿ, ಹೂವಿನ ಹಾಗಿದೆ ಎಂದು ತೀರ್ಪು ಕೊಟ್ಟ. ಬಿರಡೆಗಳನ್ನು ಅಂಗೈಯಲ್ಲಿ ತೂಗಿ ನೋಡಿ, ಬಾಗಿಲ ಅಗುಳಿಯಷ್ಟು ಭಾರದವನ್ನೇ ಆರಿಸಿದ.

ಬಿಗಿದ ಮೇಲೆ ನಾದವೇನೋ ಓಣಿಯ ಕೊನೆಗೂ ಕೇಳಿತು. ಅಜ್ಜ ಅಕ್ಕಪಕ್ಕದವರನ್ನು ಕರೆದು ಕೂರಿಸಿ ತಂತಿಯ ಗುಣಗಾನ ಮಾಡಿದ. ಗಿಟಾರಿನ ತಲೆ ಮಾತ್ರ ಬಿರಡೆಗಳ ಭಾರಕ್ಕೆ ನೆಲದ ಕಡೆಗೆ ವಾಲುತ್ತಿತ್ತು. ಅದನ್ನು ಎತ್ತಿ ಹಿಡಿಯುವುದರಲ್ಲೇ ಹುಡುಗಿ ಸುಸ್ತು. ಕೆಲವೇ ದಿನಗಳಲ್ಲಿ ಅದು ಮೂಲೆ ಸೇರಿತು. ಯಾಕಿರಬಹುದೆಂದು ಅಜ್ಜಿ ಅವಳ ಎಡಗೈ ಬಿಡಿಸಿ ನೋಡಿದಳು. ಬೆರಳ ತುದಿಗಳಲ್ಲಿ ಕೆಂಪು ಗೆರೆ, ಒಂದರಲ್ಲಿ ಬೊಬ್ಬೆ.

"ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಅಜ್ಜ ಅಷ್ಟು ಕಷ್ಟಪಟ್ಟು ಮಾಡಿದಾರಲ್ಲ. ದೊಡ್ಡವಳಾದ್ಮೇಲೆ ನುಡಿಸ್ತೀನಿ ಬಿಡಜ್ಜಿ."

ಪಕ್ಕದಲ್ಲೇ ಇದ್ದ ಭದ್ರಣ್ಣನಿಗೆ ಇದು ಮೇಷ್ಟ್ರು ಹೇಳಿದ್ದ ಮಾತೇ ಎಂದು ಹೊಳೆದು ಚುರುಕ್ಕೆಂದಿತು. ಆದರೂ ಬಿಟ್ಟುಕೊಡದೆ, ತಾನು ಒತ್ತಿ ನೋಡಿಯೇ ತಂದದ್ದು ಎಂದ.

"ಯಾವ ಬೆರಳಲ್ಲಿ? ಆ ಹೆಬ್ಬೆರಳಲ್ಲೇನು?" ಎಂದಳು ಅಜ್ಜಿ. "ಉಳಿ ಹಿಡಿದೂ ಹಿಡಿದೂ ಅದು ಮರ ಆಗಿ ಎಷ್ಟು ಕಾಲ ಆಯ್ತು!"

ಭದ್ರಣ್ಣ ತನ್ನ ಹೆಬ್ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. ಮೂಲೆಯಿಂದ ಗಿಟಾರ್ ತಂದು, ತಂತಿಯನ್ನು ಮುಂಗೈಯ ಒಳಭಾಗದಲ್ಲಿ, ಚರ್ಮ ಮೆತ್ತಗಿರುವ ಕಡೆ ಒತ್ತಿ ನೋಡಿದ. ಆಮೇಲೆ ಇಕ್ಕಳ ತಂದು ತಂತಿ ಬಿಚ್ಚತೊಡಗಿದ.

ಬೊಬ್ಬೆ ವಾಸಿಯಾದ ಮೇಲೆ ಅಂಗಡಿಯಲ್ಲಿ ಆರಿಸಿದವಳು ಮೊಮ್ಮಗಳೇ. ಒಂದೊಂದು ತಂತಿಯನ್ನೂ ಒತ್ತಿ, ಒಂದೊಂದು ಬಿರಡೆಯನ್ನೂ ತಿರುಗಿಸಿ ನೋಡಿದಳು. ಅಜ್ಜ ಬೆನ್ನ ಹಿಂದೆ ಕೈ ಕಟ್ಟಿಕೊಂಡು, ಬಹಳ ಕಷ್ಟದಿಂದ ಸುಮ್ಮನಿದ್ದ. ನೈಲಾನ್ ಆಯಿತು, ಹಗುರ ಬಿರಡೆಗಳಾದವು. ಅಂಗಡಿಯವನು ಮೀನಿನ ಮಾತೆತ್ತಲಿಲ್ಲ, ದೊಡ್ಡ ಮನಸ್ಸು.

ಹೊಸ ನೈಲಾನ್ ಹಿಗ್ಗುತ್ತ ಸಡಿಲವಾಗುತ್ತಲೇ ಇರುತ್ತದೆ. ಅರ್ಧ ಹಾಡಿಗೆ ಶ್ರುತಿ ಇಳಿಯಿತು. ಅಜ್ಜನ ಕೈ ತಾನಾಗಿ ಬಿರಡೆಯ ಕಡೆಗೆ ಹೋಯಿತು.

"ಬೇಡಜ್ಜ, ನಾನೇ ಮಾಡ್ಕೋತೀನಿ. ನಾಳೆ ಕ್ಲಾಸಲ್ಲೂ ನಾನೇ ತಾನೇ ಮಾಡ್ಕೋಬೇಕು?"

ಅಜ್ಜ ಕೈ ಎಳೆದುಕೊಂಡು ಗೋಡೆಗೊರಗಿದ. ಅವಳು ಬಿರಡೆ ತಿರುಗಿಸಿ, ತಂತಿ ಮೀಟಿ, ತಲೆಯಾಡಿಸಿ, ಮತ್ತೆ ಮೊದಲಿಂದ ಶುರು ಮಾಡಿದಳು.