ಹುಣಸೆಬೀಜದ ಡಬ್ಬಿ ಮತ್ತು ನಾನು ಬರೆಸಿದ ಗೋಡೆಬರಹ

ಕೊರೊನಾ ಹಾವಳಿ ತಣ್ಣಗಾಗಿ ಎರಡು ವರ್ಷ ಕಳೆದಿತ್ತು. ಸಂತೇಬೆನ್ನೂರಿನ ಕಡೆ ಒಂಬತ್ತು ವರ್ಷ ನರ್ಸ್ ಆಗಿ ದುಡಿದಿದ್ದ ನನ್ನನ್ನು ಜಗಳೂರು ತಾಲ್ಲೂಕಿಗೆ ವರ್ಗ ಮಾಡಿದರು. ಸೊಕ್ಕೆ ದಾಟಿ ಒಳಗೆ ಹೋದರೆ ಸಿಗುವ ಒಂದು ಸಣ್ಣ ಹಳ್ಳಿ. ಬಿಪಿ, ಶುಗರ್ ಇರುವವರು ದಿನಾ ಮಾತ್ರೆ ನುಂಗುವಂತೆ, ಒಂದಿಷ್ಟು ನಡೆಯುವಂತೆ ರೂಢಿ ಮಾಡಿಸುವುದು ನನ್ನ ಕೆಲಸ. ಎಂಟು ದಿನ ನುಂಗಿ, "ಈಗ ಆರಾಮಾಗೈತೆ ಬಿಡ್ರಿ" ಎಂದು ಒಂಬತ್ತನೆಯ ದಿನ ಬಿಡುವವರೇ ಹೆಚ್ಚು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಬೈದು ಬೈದು ಸಾಕಾಗಿ, ಆರೋಗ್ಯ ಕೇಂದ್ರದ ಹೊರಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಸಿದೆ: "ಊಟ ಬಿಟ್ಟರೂ ಮಾತ್ರೆ ಬಿಡಬೇಡಿ." ಅದು ನಾನೇ ಕಟ್ಟಿದ ಮಾತು. ಬಂದವರಿಗೆಲ್ಲ ಅದನ್ನೇ ಹೇಳಿ ಬೀಗುತ್ತಿದ್ದೆ.

ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರು ತಿಪ್ಪಮ್ಮ. ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು, ಐವತ್ತು ದಾಟಿದ ವಯಸ್ಸು. ಓದು ಬರಹ ಬಾರದು. ಅದಕ್ಕೇ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದ ಕೂಡಲೇ ಒಂದು ಹುಣಸೆಬೀಜವನ್ನು ಡಬ್ಬಿಗೆ ಹಾಕುತ್ತಿದ್ದರು. ತಿಂಗಳಿಗೊಮ್ಮೆ ಡಬ್ಬಿ ತಂದು ನನ್ನ ಮೇಜಿನ ಮೇಲೆ ಸುರಿಯುವರು. ಹನ್ನೊಂದು ತಿಂಗಳಲ್ಲಿ ಒಂದು ಬೀಜವೂ ಕಡಿಮೆಯಾಗಲಿಲ್ಲ. "ಇವರನ್ನು ನೋಡಿ ಕಲೀರಿ" ಎಂದು ಉಳಿದವರನ್ನು ಮೂದಲಿಸುತ್ತಿದ್ದೆ.

ಶ್ರಾವಣದ ಮೊದಲ ಸೋಮವಾರ, ಹನ್ನೊಂದೂವರೆಯ ಹೊತ್ತಿಗೆ ಶಾಲೆಯ ಹೆಡ್‌ಮಾಸ್ಟರ್ ಫೋನ್ ಮಾಡಿದರು.

"ಸಿಸ್ಟರ್, ತಿಪ್ಪಮ್ಮ ಅಡುಗೆಮನ್ಯಾಗೆ ಬಿದ್ಬಿಟ್ಟಾರೆ. ಮಾತು ತೊದಲ್ತೈತೆ. ಲಕ್ವ ಹೊಡೆದಂಗೆ ಕಾಣ್ತೈತೆ, ಬೇಗ ಬರ್ರಿ."

ಚೀಲ ಎತ್ತಿಕೊಂಡು ಓಡಿದೆ. ಒಲೆಯ ಮೇಲೆ ಸಾರು ಕೊತಕೊತ ಕುದಿಯುತ್ತಿತ್ತು. ತಿಪ್ಪಮ್ಮ ಬಿದ್ದ ಜಾಗದಿಂದ ಒಲೆಗೆ ಒಂದು ಮೊಳವೂ ಇರಲಿಲ್ಲ. ಮೈಯೆಲ್ಲ ಬೆವರು, ಕಣ್ಣು ಎತ್ತಲೋ ನೋಡುತ್ತಿತ್ತು. ನಾನೂ ಲಕ್ವ ಎಂದೇ ತಿಳಿದೆ. ಆದರೂ ಬೆರಳು ಚುಚ್ಚಿ ಗ್ಲೂಕೋಮೀಟರಿಗೆ ರಕ್ತ ಹಚ್ಚಿದೆ. ಮೂವತ್ತನಾಲ್ಕು. ಯಂತ್ರ ಕೆಟ್ಟಿರಬೇಕೆಂದು ಇನ್ನೊಂದು ಬೆರಳು ಚುಚ್ಚಿದೆ. ಮೂವತ್ತಮೂರು. ಎಪ್ಪತ್ತಕ್ಕಿಂತ ಕೆಳಗಿಳಿದರೇ ನಾವು ಅದನ್ನು ಹೈಪೊ ಎನ್ನುತ್ತೇವೆ. ಅಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದರ್ಥ. ಇಷ್ಟು ಇಳಿದರೆ ಜೀವಕ್ಕೇ ಸಂಚಕಾರ. ನನ್ನ ಪಟ್ಟಿಯ ಅತ್ಯಂತ ಶಿಸ್ತಿನ ರೋಗಿಗೆ ಹೀಗಾಗಿದೆ ಎಂಬುದನ್ನು ನಂಬಲಾಗಲಿಲ್ಲ.

ಫೋನ್ ಮಾಡಿದಾಗ ನಮ್ಮ ಡಾಕ್ಟರು, "ಬಾಯಿಗೆ ಏನೂ ಹಾಕಬೇಡಿ, ನೆತ್ತಿಗೇರುತ್ತೆ. ಡೆಕ್ಸ್‌ಟ್ರೋಸ್ ಕೊಡಿ" ಎಂದರು. ಅದು ನೇರವಾಗಿ ರಕ್ತನಾಳಕ್ಕೆ ಕೊಡುವ ಗ್ಲೂಕೋಸ್. ಮೊದಲ ಸಲ ಸೂಜಿ ನಾಳ ತಪ್ಪಿತು. ಎರಡನೆಯ ಸಲ ಸಿಕ್ಕಿತು. ಕೆಲವೇ ನಿಮಿಷಗಳಲ್ಲಿ ತಿಪ್ಪಮ್ಮ ಕಣ್ಣು ತೆರೆದು, "ಸಾರು ಇಳಿಸ್ರೇ, ತಳ ಹಿಡಿತೈತೆ" ಎಂದರು.

"ಬೆಳಿಗ್ಗೆ ಏನು ತಿಂದಿದ್ರಿ?" ಎಂದು ಕೇಳಿದೆ.

"ಏನೂ ಇಲ್ರೀ. ಶ್ರಾವಣ ಸೋಮಾರ ಅಲ್ಲೇನ್ರೀ. ಸಂಜಿ ಪೂಜೆ ಆಗೋ ತನಕ ಉಪಾಸ."

"ಮತ್ತೆ ಮಾತ್ರೆ?"

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ಅದನ್ನ ಬಿಡ್ತೀನೇನ್ರೀ? ಊಟ ಬಿಟ್ರೂ ಮಾತ್ರೆ ಬಿಡಬ್ಯಾಡ ಅಂತ ನೀವೇ ಹೇಳೀರಲ್ಲ."

ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಊಟ ಮಾಡದೇ ಇದ್ದರೆ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ ಎಂದು ನಾನು ಓದಿ ಬರೆದು ಪಾಸಾದವಳು. ಉಳಿದ ಸೋಮವಾರಗಳಲ್ಲಿ ತಿಪ್ಪಮ್ಮ ಬೆಳಿಗ್ಗೆಯೇ ಉಂಡು ಒಪ್ಪತ್ತು ಮಾಡುತ್ತಿದ್ದರು, ಹಾಗಾಗಿ ಬಚಾವಾಗಿದ್ದರು. ಶ್ರಾವಣದ ವ್ರತ ಬಿಗಿ. ಅರವತ್ತು ಮಕ್ಕಳಿಗೆ ಅಡುಗೆ ಮಾಡುತ್ತಾ ತಾವು ಮಾತ್ರೆ ನುಂಗಿದ ಗುಟುಕು ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ.

ಸಕ್ಕರೆ ಮತ್ತೆ ಇಳಿಯಬಹುದೆಂದು ಜಗಳೂರಿನ ಆಸ್ಪತ್ರೆಗೆ ಕಳಿಸಿದೆವು. ಅಲ್ಲಿ ಅವರ ಮಗ, "ಇನ್ಮ್ಯಾಲೆ ಆ ಮಾತ್ರೆ ನಮ್ಮನಿ ಹೊಸ್ಲು ದಾಟಂಗಿಲ್ಲ" ಎಂದ. ಮಾತ್ರೆ ಬಿಟ್ಟರೆ ಸಕ್ಕರೆ ಮತ್ತೆ ಹಳೆಯ ಮುನ್ನೂರಕ್ಕೆ ಏರುತ್ತದೆ, ಕಣ್ಣು, ಕಿಡ್ನಿಗೆ ಹೊಡೆತ. ಅದನ್ನು ಅವನಿಗೆ ಹೇಳುವ ಮುಖ ನನಗಿರಲಿಲ್ಲ. "ತಪ್ಪು ನಿಮ್ಮಮ್ಮಂದಲ್ಲ, ನಂದು" ಎಂದಷ್ಟೇ ಹೇಳಿದೆ.

ಮರುದಿನ ಪಟ್ಟಿ ಹಿಡಿದು ಮನೆಮನೆಗೆ ಹೋದೆ. ಇನ್ನೂ ಐದು ಮನೆಗಳಲ್ಲಿ ಉಪವಾಸದ ದಿನ ಇದೇ ಕಥೆ. ಒಬ್ಬ ಅಜ್ಜಿ, "ಕೈ ನಡುಗಿ ಬೆವರ್ತಿತ್ತು ಕಣವ್ವ, ದೇವರು ಮೈಮ್ಯಾಲೆ ಬರ್ತೈತೆ ಅಂದ್ಕಂಡಿದ್ದೆ" ಎಂದಾಗ ನಾನು ಅಲ್ಲಿಂದ ನೇರ ಕೇಂದ್ರಕ್ಕೆ ಹೊರಟೆ. ಪೇಂಟರಿಗೂ ಕಾಯದೆ, ಸುಣ್ಣ ಕಲಸಿ ಆ ಗೋಡೆಬರಹವನ್ನು ನಾನೇ ಅಳಿಸಿದೆ.

ಡಾಕ್ಟರು ತಿಪ್ಪಮ್ಮನ ಮಾತ್ರೆ ಬದಲಿಸಿ, ಊಟದ ಜೊತೆಗೇ ನುಂಗಬೇಕೆಂದು ಮಗನಿಗೂ ತಿಳಿಹೇಳಿದರು. ಹದಿನೈದು ದಿನ ಬಿಟ್ಟು ಅವರ ಮನೆಗೆ ಅಳುಕುತ್ತಲೇ ಹೋದೆ. ದೇವರ ಗೂಡಿನಲ್ಲಿರುತ್ತಿದ್ದ ಮಾತ್ರೆ ಅಲ್ಲಿರಲಿಲ್ಲ. ಬಿಟ್ಟೇಬಿಟ್ಟರು ಎಂದುಕೊಂಡೆ. ತಿಪ್ಪಮ್ಮ ರೊಟ್ಟಿ ಬುಟ್ಟಿಯ ಬಟ್ಟೆ ಸರಿಸಿ ತೋರಿಸಿದರು. ಮಾತ್ರೆ, ಹುಣಸೆಬೀಜದ ಡಬ್ಬಿ ಎರಡೂ ಅಲ್ಲೇ ಇದ್ದವು.

"ರೊಟ್ಟಿಗೆ ಕೈ ಹಾಕಿದ್ರೆ ಮಾತ್ರೆ, ಇಲ್ಲಾಂದ್ರೆ ಇಲ್ಲ. ಉಪಾಸ ಇದ್ರೆ ಮೊದ್ಲೇ ನಿಮ್ಮನ್ನ ಕೇಳಾಕೆ ಬರ್ತೀನಿ."

ಮಾತು ಕೇಳದವರ ಮೇಲೆ ರೇಗುತ್ತಲೇ ಕಾಲ ಕಳೆದವಳು ನಾನು. ಕೇಳಿದವರು ಹೇಗೆ ಬದುಕುತ್ತಾರೆಂದು ವಿಚಾರಿಸಿರಲೇ ಇಲ್ಲ. ಅಂದು ಬಿಪಿ ಯಂತ್ರ ಬಿಚ್ಚುತ್ತಾ ರೂಢಿಯಂತೆ, "ಮಾತ್ರೆ ಆಯ್ತಾ?" ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ತಿಪ್ಪಮ್ಮ ತಟ್ಟೆ ಕೈಗೆತ್ತಿಕೊಂಡು ಕೇಳಿದರು:

"ಊಟ ಆತೇನ್ರೀ ಸಿಸ್ಟರ್?"

ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರನ್ನೂ ನಮ್ಮ ಕಡೆ ಹೀಗೆ ಕೇಳುತ್ತಾರೆ. ಹನ್ನೊಂದು ತಿಂಗಳಲ್ಲಿ ನಾನು ತಿಪ್ಪಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.